ಮೂರ್ನಾಕ್ಲಿ ಹನ್ನೆರಡು

ಬೈತಖೋಲದಲ್ಲಿ ದೋಣಿ ಬಂದು ಗಂಟೆಯೂ ಆಗಿರಲಿಲ್ಲ.
ಗುಲಾಬಿ ತಾಂಡೇಲಳ ಬುಟ್ಟಿಯಲ್ಲಿ
ಬಂಗಡೆಗಳು ಇನ್ನೂ ಬೆನ್ನು ಸೆಟೆಸಿಕೊಂಡಿದ್ದವು.
ಸಂಘದ ಫೋನು ಮಾತ್ರ ಹೇಳಿತ್ತು: ಎರಡನೇ ದರ್ಜೆ.
ಕಿಲೋಗೆ ನಲವತ್ತು ರೂಪಾಯಿ ಕಡಿಮೆ.

ಆ ಫೋನಿನೊಳಗಿನ ಲೆಕ್ಕ ನನ್ನದು.
ಅದಕ್ಕೇ ಬೆಳಗಿನ ಏಳಕ್ಕೆ ಕಾರವಾರದ ಮೀನುಪೇಟೆಯಲ್ಲಿ
ಬರ್ಫದ ನೀರಿಗೆ ಚಪ್ಪಲಿ ಒದ್ದೆ ಮಾಡಿಕೊಂಡು ನಿಂತಿದ್ದೆ,
ಹೋಂವರ್ಕ್ ಮಾಡದ ಹುಡುಗಿಯ ಹಾಗೆ.

"ಮೇಲೆ ನೋಡು ತಂಗೀ."
ಮೇಲೆ ನೀಲಿ ತಾಡಪಾಲು,
ನಾಲ್ಕು ಮಳೆಗಾಲ ತಿಂದು ಅಲ್ಲಲ್ಲಿ ತೂತು.
ಅದರ ಕೆಳಗೆ ಬರ್ಫ ನೀಲಿ, ತಕ್ಕಡಿ ನೀಲಿ,
ಗುಲಾಬಿಯೂ ನೀಲಿ.
ಆಚೆ ಸಾಲಿನ ರುಕ್ಮಾಬಾಯಿ ಕೆಂಪು ಕಟ್ಟಿದ್ದಾಳೆ;
ನಿನ್ನೆಯ ತಾರ್ಲೆಗೂ ಅಲ್ಲಿ ದಾಸವಾಳದ ಕಿವಿರು.
"ನಿಮ್ಮ ಫೋನು ದರ್ಜೆ ಕೊಟ್ಟದ್ದು ನನ್ನ ತಾಡಪಾಲಿಗೆ.
ಮೀನು ಅದು ನೋಡಲೇ ಇಲ್ಲ."

ಹೇಗೆ ಹೇಳಲಿ ಇವಳಿಗೆ,
ಕ್ಯಾಮೆರಾಕ್ಕೆ ಸಿಗುವುದು ಬರೀ ಗುಣಲಬ್ಧ.
ಬಿದ್ದ ಬೆಳಕು ಒಂದು, ಮೈಯ ಬಣ್ಣ ಒಂದು,
ಎರಡೂ ಗುಣಿಸಿಕೊಂಡ ಮೇಲಷ್ಟೇ ಅದರ ಕಣ್ಣಿಗೆ ಬರುತ್ತವೆ.
ಕೋಡಿಬಾಗದ ಶಾಲೆಯಲ್ಲಿ ತೂಗಾಡುತ್ತ ಹೇಳಿದ ಮಗ್ಗಿ:
ಮೂರ್ನಾಕ್ಲಿ ಹನ್ನೆರಡು, ಎರಡಾರ್ಲಿ ಹನ್ನೆರಡು.
ಬರೀ ಹನ್ನೆರಡನ್ನು ಕೈಗಿಟ್ಟು
ಯಾವ ಎರಡು ಸೇರಿದವು ಹೇಳು ಅಂದರೆ?
ಮಂಕು ಬೆಳಕಿನ ಬಿಳಿ ಮೀನೋ,
ಬಿಸಿಲಿಗೆ ಬಿದ್ದ ಬೂದು ಮೀನೋ,
ಪರದೆಯ ಮೇಲೆ ಎರಡಕ್ಕೂ ಅದೇ ಅಂಕಿ.

ಹಾಗಾಗಿ ಒಂದು ಊಹೆ ಇಟ್ಟುಕೊಂಡಿದ್ದೆವು:
ಬೆಳಕು ಸಾವಕಾಶ ಹೊರಳುತ್ತದೆ,
ಕಾಳಿ ನದಿಗೆ ಉಬ್ಬರ ಏರಿದಂತೆ;
ಬಣ್ಣ ಸೀರೆಯ ಅಂಚು, ತಟ್ಟನೆ ಮುಗಿಯುತ್ತದೆ.
ಮೆಲ್ಲಗೆ ಬದಲಾದದ್ದು ಬೆಳಕಿನ ಖಾತೆಗೆ,
ಗಕ್ಕನೆ ಬದಲಾದದ್ದು ಬಣ್ಣದ ಖಾತೆಗೆ.
ಕಚೇರಿಯ ಗೋಡೆ, ಮೇಜು, ಪ್ಲಾಸ್ಟಿಕ್ ಮಾವು
ಎಲ್ಲ ಒಪ್ಪಿದ್ದವು.

ಬಂಗಡೆ ಒಪ್ಪಲಿಲ್ಲ.
ಬೆನ್ನಿನ ಹಸಿರು ಹೊಟ್ಟೆಯ ಬೆಳ್ಳಿಗೆ ಇಳಿಯುವಲ್ಲಿ
ಅಂಚೇ ಇಲ್ಲ. ನೆರಳೆಂದು ಬಗೆದು ಲೆಕ್ಕ ಅದನ್ನು ಒರೆಸಿತು.
ತಾಡಪಾಲಿನ ತೂತಿಂದ ಬಿದ್ದ ಬಿಸಿಲ ಬಿಲ್ಲೆಗೆ
ಬ್ಲೇಡಿನಂಥ ಅಂಚು;
ಅದನ್ನು ಮಚ್ಚೆಯೆಂದು ಮೀನಿನ ಮೈಗೇ ಬರೆಯಿತು.
ಇನ್ನು ಬೆಳ್ಳಿ,
ಬಂದ ಬೆಳಕನ್ನು ಹಾಗೇ ವಾಪಸು ಎಸೆಯುವ ಉದ್ಧಟ,
ನನ್ನ ಎರಡು ಖಾತೆಗಳ ನಡುವೆ ಜಾರಿ
ಮತ್ತೆ ಸಮುದ್ರಕ್ಕೆ ಹೋಯಿತು.

ತೋರಿಸು ಅಂದಳು. ತೋರಿಸಿದೆ.
ಬೆಳಕು ಕಳೆದ ಚಿತ್ರದಲ್ಲಿ ಅವಳಿಗೆ ಮೂಗಿಲ್ಲ,
ಕೆನ್ನೆ ಮಣೆಯಷ್ಟು ಸಪಾಟು,
ಮೂಗುತಿ ಎಲ್ಲೋ ತೇಲುತ್ತಿದೆ.
"ರೇಷನ್ ಕಾರ್ಡಿನ ಫೋಟೋ ಇದಕ್ಕಿಂತ ವಾಸಿ!"
ಬಣ್ಣ ಕಳೆದ ಚಿತ್ರಕ್ಕೆ ನಗಲಿಲ್ಲ.
ಅದರಲ್ಲಿ ಮೀನು, ಚೂರಿ, ತಕ್ಕಡಿ, ಅವಳು
ಎಲ್ಲ ಒಂದೇ ಜೇಡಿ,
ಚೌತಿಗೆ ವಾರವಿರುವಾಗ ಶೆಡ್ಡಿನಲ್ಲಿ ಸಾಲಾಗಿ ನಿಂತ
ಬಣ್ಣ ಕಾಣದ ಗಣಪತಿಗಳು.
ಹುಬ್ಬಿನ ಮೇಲೊಂದು ತಗ್ಗು.
ಬೆರಳಿಟ್ಟಳು, ಮೊದಲು ಪರದೆಗೆ, ಆಮೇಲೆ ಹಣೆಗೆ.
"ಬಲೆ ಹಗ್ಗ ಹರಿದ ದಿನದ್ದು.
ಕಲೆ ಹೋಯ್ತು ಅಂದ್ಕಂಡಿದ್ದೆ."

ಅಷ್ಟರಲ್ಲಿ ಗಿರಾಕಿ.
ಒಂದು ಬಂಗಡೆ ಹಿಡಿದು ಎದ್ದಳು,
ನಾಲ್ಕು ಹೆಜ್ಜೆ, ತಾಡಪಾಲಿನ ಆಚೆ,
ಹೆಬ್ಬೆರಳಿಂದ ಕಿವಿರು ಎತ್ತಿ ಬಿಸಿಲಿಗೆ ಹಿಡಿದಳು.
ರಕ್ತ ಆಗಷ್ಟೇ ನಿಂತಂಥ ಕೆಂಪು.
"ಮೋಡದ ದಿನ ಏನು ಮಾಡ್ತೀರಿ?" ಕೇಳಿದೆ.
"ಉಗುರು ನೋಡೂದು.
ನನ್ನ ಉಗುರಿನ ಬಣ್ಣ ನನಗೆ ಗೊತ್ತುಂಟಲ್ಲ?
ಅದು ಎಷ್ಟು ನೀಲಿಯೋ
ಕಿವಿರಲ್ಲಿ ಅಷ್ಟು ನೀಲಿ ಬಿಟ್ಟು ಓದೂದು."

ಮೂರು ಗೊತ್ತಿದ್ದರೆ ನಾಲ್ಕು ತಾನಾಗಿ ಬರುತ್ತದೆ.
ಒದ್ದೆ ಪುಟದಲ್ಲಿ ಬರೆದುಕೊಂಡೆ:
ಇನ್ನು ಪ್ರತಿ ಫೋಟೋದಲ್ಲೂ
ಮಾರುವವಳ ಹೆಬ್ಬೆರಳು ಇರಲಿ.

ಹೊರಡುವಾಗ ಅರ್ಧ ಕಿಲೋ ಕೇಳಿದೆ.
ತೂಗಿದಳು, ಒಂದು ಹೆಚ್ಚಿಗೆ ಹಾಕಿದಳು,
ಕಾಗದ ಸುತ್ತುತ್ತ ತಲೆಯೆತ್ತದೆ ಹೇಳಿದಳು:
"ಮೊದಲ ದರ್ಜೆಯ ದರ, ಹಾಂ."